ಯುದ್ಧದ ನೆಪ, ಸುಳ್ಳಿನ ಪಾಪ



ನಾಡಿಗೆ ಶತ್ರುಭಯ ಬಂದಾಗ ಸರ್ಕಾರ ಕೆಲವರ ಮಾತನ್ನು ಗುಟ್ಟಾಗಿ ಆಲಿಸುವುದು ಪಾಪವೇ? ಪ್ರಜೆಗಳ ಪ್ರಾಣ ಕಾಯುವುದು ಆಳುವವರ ಕರ್ತವ್ಯ, ಆದ್ದರಿಂದ ಪಾಪವೆನ್ನಲಾಗದು. ಆದರೆ ಅದಕ್ಕೆ ಕೊಡುವ ಕಾರಣ ನಿಜವಾಗಿರಬೇಕು.

1971ರ ಡಿಸೆಂಬರ್ 3ರಂದು ಯುದ್ಧದ ಕಾರಣಕ್ಕೆ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಯುದ್ಧ ಎರಡೇ ವಾರದಲ್ಲಿ ಮುಗಿಯಿತು. ಘೋಷಣೆ ಮಾತ್ರ 1977ರ ಮಾರ್ಚ್‌ವರೆಗೂ ಉಳಿಯಿತು. ಅಪಾಯ ಹೋದರೂ ಅಧಿಕಾರ ಹೋಗಲೊಲ್ಲದು.

ಕದ್ದಾಲಿಕೆಯ ಕಥೆಯೂ ಇದೇ. 1885ರ ಟೆಲಿಗ್ರಾಫ್ ಕಾಯಿದೆ ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣಕ್ಕೆಂದು, ನ್ಯಾಯಾಲಯವನ್ನು ಕೇಳದೆಯೇ ಇದಕ್ಕೆ ಅವಕಾಶ ಕೊಟ್ಟಿತ್ತು. 1988ರಲ್ಲಿ ಕರ್ನಾಟಕದ ಗಡಿಗೆ ಯಾವ ಶತ್ರುವೂ ಬಂದಿರಲಿಲ್ಲ. ಆದರೂ ರಾಜಕಾರಣಿಗಳ ದೂರವಾಣಿ ಕದ್ದಾಲಿಸಿದ ಆರೋಪ ಎದ್ದು, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. 1996ರಲ್ಲಿ ಸುಪ್ರೀಂ ಕೋರ್ಟು, ಇಂಥ ಆದೇಶಗಳನ್ನು ಸಮಿತಿಯೊಂದು ಪರಿಶೀಲಿಸಬೇಕೆಂದಿತು.

ಶತ್ರುವಿನ ಹೆಸರು ಹೇಳಿ ಎದುರಾಳಿಯ ಮಾತು ಕದ್ದು ಕೇಳುವುದು ದೇವರ ಎಂಟನೆಯ ಕಟ್ಟಳೆಗೆ ವಿರುದ್ಧ. ಪ್ರಶ್ನಿಸಿದವನನ್ನು ದೇಶದ್ರೋಹಿ ಎನ್ನುವುದು ಎರಡನೆಯ ಸುಳ್ಳು. ‘ದೇಶಕ್ಕಾಗಿ’ ಎಂಬ ಮಾತು ಎರಡನ್ನೂ ತೊಳೆಯಲಾರದು.

ನಮ್ಮ ಮನೆಗಳಲ್ಲೋ? ‘ನಿನ್ನ ಒಳ್ಳೆಯದಕ್ಕೇ’ ಎನ್ನುತ್ತಾ ಮಗಳ ಫೋನು ತೆರೆದು ನೋಡುವಾಗ, ಒಳಗಿರುವುದು ಕಾಳಜಿಯೋ ಸಂಶಯವೋ? ಮುಂದಿನ ಪಾಪನಿವೇದನೆಗೆ ಮುನ್ನ ಇದನ್ನೂ ಆತ್ಮಶೋಧನೆ ಮಾಡಿಕೊಳ್ಳೋಣ.