ಕೂಸಿನ ಪಾಲಿನ ಅರ್ಧ ಗಂಟೆ

ಬೀದರ ಜಿಲ್ಲೆಯ ಘಾಟಬೋರಾಳದ ಕಡೆ ತೊಗರಿ, ಸೋಯಾ ಹೊಲಗಳಲ್ಲಿ ಕಸ ತೆಗೆಯುವ ದಿನಗಳಲ್ಲಿ ಬದುವಿನ ಬೇವಿನ ಗಿಡಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿರುವುದುಂಟು. ಒಳಗಿನ ಕೂಸು ಅತ್ತರೆ ಸಾಲಿನಲ್ಲಿರುವ ಹಿರಿಯಳು ತಲೆ ಎತ್ತದೆಯೇ ಅನ್ನುತ್ತಾಳೆ: ‘ಹೋಗವ್ವ, ಕೂಸಿಗಿ ಕುಡಿಸಿ ಬಾ. ಕಸ ಎಲ್ಲಿ ಓಡಿ ಹೋಗ್ತದ?’ ಆ ಕೂಲಿ ಹೆಣ್ಣಿಗೆ ಹೆರಿಗೆ ರಜೆಯಿಲ್ಲ, ರಜೆಯ ಸಂಬಳವಂತೂ ಇಲ್ಲವೇ ಇಲ್ಲ. ಅವಳ ಬದುಕನ್ನು ಹೊಗಳಿ ಹಾಡಬೇಕಾಗಿಲ್ಲ. ಆದರೆ ಕೂಸಿಗೆ ಹಾಲೂಡಿಸಲು ಅವಳು ಯಾರ ಮುಂದೆಯೂ ಅಂಗಲಾಚುವುದಿಲ್ಲ.

ಇಂಥದೇ ಊರಿನ ಹುಡುಗಿಯೊಬ್ಬಳು ಎಂಬಿಬಿಎಸ್ ಮುಗಿಸಿ ದೊಡ್ಡ ಆಸ್ಪತ್ರೆಯಲ್ಲಿ ಪಿ.ಜಿ.ಗೆ ಸೇರಿದಳೆನ್ನಿ. ಮದುವೆ, ಬಸಿರು, ಬಾಣಂತನ ಎಲ್ಲವೂ ಆ ಮೂರು ವರ್ಷಗಳಲ್ಲೇ ಬಂದು ಸೇರುತ್ತವೆ. ಬೆಳಗಿನ ರೌಂಡ್ಸಿನಲ್ಲಿ ಬಾಣಂತಿಯರಿಗೆ ಅವಳೇ ಹೇಳುತ್ತಾಳೆ: ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ; ಜೇನೂ ಬೇಡ, ನೀರೂ ಬೇಡ. ಹೇಳುತ್ತಿರುವಾಗಲೇ ಅವಳ ಎದೆ ಬಿಗಿದು ಏಪ್ರನ್ನಿನೊಳಗೆ ಬಟ್ಟೆ ಒದ್ದೆಯಾಗಿರುತ್ತದೆ. ಬಿಡುವು ಸಿಕ್ಕರೆ ಬಾತ್‌ರೂಮಿಗೆ ಹೋಗಿ ಹಾಲು ಹಿಂಡಿ ಸಿಂಕಿಗೆ ಚೆಲ್ಲಿ ಬರುತ್ತಾಳೆ. ಎದೆ ಖಾಲಿಯಾದಷ್ಟೂ ಹಾಲು ಊರುತ್ತದೆ, ತುಂಬಿಯೇ ಇದ್ದರೆ ಕಡಿಮೆಯಾಗುತ್ತ ಹೋಗುತ್ತದೆ. ಪುಸ್ತಕದಲ್ಲಿ ಓದಿದ ಈ ಪಾಠ ರಾತ್ರಿ ಡ್ಯೂಟಿಗಳಲ್ಲಿ ಅವಳ ಮೈಮೇಲೆಯೇ ನಡೆಯುತ್ತದೆ. ಕೊನೆಗೊಮ್ಮೆ ಹಾಲು ಬತ್ತಿದಾಗ, ‘ಅವಳಿಗೆ ಹಾಲೇ ಸಾಲಲಿಲ್ಲ’ ಎಂಬ ಮಾತೂ ಅವಳ ತಲೆಗೇ.

ಕಾನೂನು ಸುಮ್ಮನೆ ಕೂತಿಲ್ಲ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತ್ತು. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಹಾಲೂಡಿಸುವುದು ತಾಯಿಯಿಂದ ಕಸಿಯಲಾಗದ ಹಕ್ಕು, ಸಂವಿಧಾನದ 21ನೇ ವಿಧಿಯ ರಕ್ಷಣೆ ಅದಕ್ಕಿದೆ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. 2023ರ ವೈದ್ಯಕೀಯ ಸ್ನಾತಕೋತ್ತರ ನಿಯಮಗಳು ಪಿ.ಜಿ.ಗಳಿಗೂ ಹೆರಿಗೆ ರಜೆ ಕೊಟ್ಟಿವೆ. ಆದರೆ ಕಷ್ಟ ಶುರುವಾಗುವುದೇ ರಜೆ ಮುಗಿದ ಮರುದಿನ. ಫೀಸು ಕಟ್ಟುವಾಗ ಅವಳು ವಿದ್ಯಾರ್ಥಿನಿ, ಡ್ಯೂಟಿ ಪಟ್ಟಿಯಲ್ಲಿ ಡಾಕ್ಟರು. ಎರಡರ ನಡುವೆ ಆ ಬಿಡುವು ಕಳೆದುಹೋಗುತ್ತದೆ.

ಜೊತೆಯ ಪಿ.ಜಿ.ಗಳು ಗೊಣಗಿದರೆ ಅವರನ್ನು ಕಲ್ಲೆದೆಯವರೆನ್ನಲಾಗದು. ಅವರೂ ನಿದ್ದೆಗೆಟ್ಟವರೇ. ಹಾಲಿಗೆಂದು ಇವಳು ಹೋಗುವ ಅರ್ಧ ಗಂಟೆಯ ಕೆಲಸ ಅವರ ಹೆಗಲಿಗೇ ಬೀಳುವುದಾದರೆ ಮುನಿಸು ಸಹಜ. ಹೊರೆ ಹೊರಬೇಕಾದದ್ದು ಪಟ್ಟಿ ಬರೆಯುವ ವಿಭಾಗ, ಆಳು ಒದಗಿಸುವ ಆಸ್ಪತ್ರೆ.

ಇಲ್ಲಿ ನೆನಪಾಗುವವಳು ಘಾಟಬೋರಾಳಕ್ಕೆ ಹತ್ತಿರದ ಕಲ್ಯಾಣದ ಶರಣೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಕಾಯಕ ದೊಡ್ಡದೆಂದು ಸಾರಿದ ನೆಲದಲ್ಲೇ, ಅಗತ್ಯಕ್ಕೆ ಮೀರಿ ತಂದದ್ದು ತಮ್ಮದಲ್ಲ ಎಂಬ ಎಚ್ಚರವೂ ಇತ್ತು. ಸೇವೆಯ ಹೆಸರಿನಲ್ಲಿ ಆಸ್ಪತ್ರೆ ತೆಗೆದುಕೊಳ್ಳುವ ಹೆಚ್ಚಿನ ಹೊತ್ತನ್ನು ತಾಯಿ ಕೊಟ್ಟಳೆಂದು ನಾವು ಲೆಕ್ಕ ಬರೆಯುತ್ತೇವೆ. ಕೊಟ್ಟದ್ದು ಕೂಸು. ಅದನ್ನು ಯಾರೂ ಕೇಳಿರಲಿಲ್ಲ.

ಬೇಕಾದದ್ದು ಬಹಳವೇನಲ್ಲ. ಒಳಗಿನಿಂದ ಚಿಲಕ ಹಾಕುವ ಕೋಣೆ, ಕುರ್ಚಿ, ಪಂಪಿಗೊಂದು ಪ್ಲಗ್ಗು, ಪುಟ್ಟ ಫ್ರಿಜ್ಜು. ಹಿಂಡಿದ ಹಾಲು 25 ಡಿಗ್ರಿಯೊಳಗೆ ಸುಮಾರು ನಾಲ್ಕು ಗಂಟೆ ತಡೆಯುತ್ತದೆ. 40 ಡಿಗ್ರಿಯ ಬೀದರ ಬೇಸಿಗೆಯಲ್ಲಿ ಫ್ರಿಜ್ಜಿಲ್ಲದೆ ನಡೆಯದು. ಇವೆಲ್ಲಕ್ಕಿಂತ ಮೊದಲು, ಡ್ಯೂಟಿ ಪಟ್ಟಿಯಲ್ಲಿ ಆ ಅರ್ಧ ಗಂಟೆ ಮತ್ತು ಆಗ ವಾರ್ಡು ನೋಡುವವರ ಹೆಸರು ಬರೆದಿರಬೇಕು. ಸೀನಿಯರ್ ಒಳ್ಳೆಯವರಿದ್ದ ದಿನ ಮಾತ್ರ ಹಾಲು ಕುಡಿಯುವ ಕೂಸಿಗೆ, ಉಳಿದ ದಿನಗಳಲ್ಲಿ ನಾವು ಏನು ಹೇಳೋಣ?