ನಚಿಕೇತನ ಮೊದಲ ವರ

ಕಾರವಾರ, ಅಂಕೋಲೆಯ ಕಡೆ ಐವತ್ತು ದಾಟಿದ ನಾಲ್ಕು ಜನ ಒಂದೆಡೆ ಕೂತರೆ ಮಾತು ಬಹುಬೇಗ ಬಾಲ್ಯಕ್ಕೆ ಹೊರಳುತ್ತದೆ. ಶಾಲೆ ಬಿಟ್ಟೊಡನೆ ಪಾಟಿಚೀಲವನ್ನು ಜಗಲಿಗೆ ಎಸೆದು ಓಡಿದರೆ ಮತ್ತೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ನೀರಿಳಿದಾಗ ಕಾಳಿ ಅಳಿವೆಯಲ್ಲಿ ಬಳಚು ಹೆಕ್ಕಿದ್ದು, ಗಜನಿಯ ಕೆಸರಲ್ಲಿ ಏಡಿ ಹಿಡಿದದ್ದು, ಯಾರದೋ ಹಿತ್ತಲಿನ ಕರಿ ಇಶಾಡು ಮಾವಿಗೆ ಕಲ್ಲು ಹೊಡೆದು ಸಿಕ್ಕಿಬಿದ್ದದ್ದು ಒಂದೊಂದಾಗಿ ಹೊರಬರುತ್ತವೆ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವವರಿರಲಿಲ್ಲ. ಮಾತು ಮುಗಿಯುವುದು ಮಾತ್ರ ಹೆಚ್ಚುಕಡಿಮೆ ಒಂದೇ ದೂರಿನಲ್ಲಿ: ಈಗಿನ ಮಕ್ಕಳನ್ನು ಅಪ್ಪ ಅಮ್ಮಂದಿರೇ ಕಟ್ಟಿಹಾಕಿದ್ದಾರೆ.

ಈ ದೂರಿನ ಒಳಗೆ ಬಹಳ ಹಳೆಯ ಧರ್ಮಪ್ರಶ್ನೆಯೊಂದಿದೆ. ಮಗುವನ್ನು ಕಾಯುವುದು ಪ್ರೀತಿಯೋ, ಭಯವೋ? ಕಾಯದೆ ಬಿಡುವುದು ನಂಬಿಕೆಯೋ, ಉಪೇಕ್ಷೆಯೋ?

ನಮ್ಮ ಪರಂಪರೆ ಇದಕ್ಕೆ ಎರಡು ತುದಿಯ ಕಥೆ ಇಟ್ಟುಕೊಂಡಿದೆ. ಒಂದು ತುದಿಯಲ್ಲಿ ಶುದ್ಧೋದನ. ಮುಪ್ಪು, ರೋಗ, ಸಾವು ಮಗನ ಕಣ್ಣಿಗೆ ಬೀಳದಿರಲೆಂದು ಸಿದ್ಧಾರ್ಥನನ್ನು ಅರಮನೆಯ ಸುಖದಲ್ಲೇ ಇರಿಸಿದ ತಂದೆ. ಇನ್ನೊಂದು ತುದಿಯಲ್ಲಿ ಕಠೋಪನಿಷತ್ತಿನ ವಾಜಶ್ರವಸ. ಹಾಲು ಬತ್ತಿದ ಹಸುಗಳನ್ನು ದಾನ ಕೊಡುತ್ತಿದ್ದವನನ್ನು ಹುಡುಗ ನಚಿಕೇತ, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಬಿಡದೆ ಕೇಳಿದ. ಸಿಟ್ಟಿಗೆದ್ದ ಅಪ್ಪ, ಮೃತ್ಯುವಿಗೆ ಕೊಟ್ಟೆ ಎಂದುಬಿಟ್ಟ. ಹುಡುಗ ಹೋಗಿಯೇಬಿಟ್ಟ. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸ ಬಿದ್ದಿದ್ದ. ಅದಕ್ಕೆ ಬದಲಾಗಿ ಯಮ ಮೂರು ವರ ಕೊಟ್ಟ. ಅತಿಯಾದ ಕಾವಲಿನಲ್ಲಿ ಬೆಳೆದವನೂ, ಪೂರಾ ಕೈಬಿಡಲ್ಪಟ್ಟವನೂ ಕೊನೆಗೆ ನಿಂತದ್ದು ಸಾವಿನ ಪ್ರಶ್ನೆಯ ಎದುರಿಗೇ. ಗೋಡೆ ಕಟ್ಟಿದ್ದರಿಂದ ಆ ಪ್ರಶ್ನೆ ತಪ್ಪಲಿಲ್ಲ.

ಆದರೆ ನಚಿಕೇತನ ಕಥೆ ಹೇಳುವವರು ಆತ್ಮಜ್ಞಾನದ ಮೂರನೆಯ ವರಕ್ಕೆ ಆತುರದಿಂದ ಓಡುತ್ತಾರೆ, ಮೊದಲನೆಯದರ ಮುಂದೆ ನಿಲ್ಲುವುದಿಲ್ಲ. ಮೊದಲ ವರವಾಗಿ ಆ ಹುಡುಗ ಕೇಳಿದ್ದು ಇಷ್ಟೇ: ಅಪ್ಪನ ಸಿಟ್ಟು ಇಳಿಯಲಿ, ನಾನು ಹಿಂದಿರುಗಿದಾಗ ಗುರುತು ಹಿಡಿದು ಮಾತಾಡಿಸಲಿ. ಯಮನ ಬಾಗಿಲವರೆಗೆ ಒಬ್ಬನೇ ನಡೆದ ಧೀರ ಬಾಲಕನಿಗೂ ಮೊದಲು ಬೇಕಾದದ್ದು ಮರಳಲು ಒಂದು ಮನೆ.

ಈ ತಿಳಿವಿಗೂ ಕಾರವಾರದ ಮಣ್ಣಿಗೂ ನಂಟಿದೆ. 1883ರಲ್ಲಿ ಇಪ್ಪತ್ತೆರಡರ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ರವೀಂದ್ರರ ಬಾಲ್ಯ ಆಳುಗಳ ಕಾವಲಿನಲ್ಲಿ ಕಳೆದಿತ್ತು. ಶ್ಯಾಮನೆಂಬ ಆಳು ಹುಡುಗನನ್ನು ಒಂದೆಡೆ ಕೂರಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದಾಟಿದರೆ ಅಪಾಯವೆಂದು ಹೆದರಿಸಿ ಹೋಗುತ್ತಿದ್ದನಂತೆ. ಗೆರೆ ದಾಟಿದ ಸೀತೆಗೆ ಏನಾಯಿತೆಂದು ಓದಿ ತಿಳಿದಿದ್ದ ಹುಡುಗ ಅಲ್ಲಾಡದೆ ಕೂತು, ಕಿಟಕಿಯಾಚೆಯ ಕೊಳವನ್ನೂ ಆಲದ ಮರವನ್ನೂ ನೋಡುತ್ತಿದ್ದ. ಅದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅದೇ ಹುಡುಗ ಬೆಳೆದು ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದರು, ಹಿಂದಿರುಗುವಾಗ ಮರಳ ಮೇಲೆ ನಡೆದರು. ಮತ್ತು ಇಲ್ಲೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಎಲ್ಲ ಬಂಧ ಕಳಚಿಕೊಂಡೆನೆಂದು ಬೀಗುವ ಸನ್ಯಾಸಿಯೊಬ್ಬನನ್ನು ದಿಕ್ಕಿಲ್ಲದ ಹುಡುಗಿಯೊಬ್ಬಳು ಅಪ್ಪನೆಂದು ಹಿಡಿದುಕೊಳ್ಳುವ ಕಥೆ ಅದು. ಸನ್ಯಾಸಿ ಅವಳನ್ನು ಬಿಟ್ಟು ಓಡುತ್ತಾನೆ. ಪ್ರೀತಿ ತಿಳಿದು ಮರಳುವ ಹೊತ್ತಿಗೆ ಅವಳಿಲ್ಲ. ಸುಣ್ಣದ ಗೆರೆಯೊಳಗೆ ಕೂತು ಬೆಳೆದ ಕವಿ ಕಡಲ ದಡದಲ್ಲಿ ನಿಂತು ಬರೆದದ್ದು ಬಿಡುಗಡೆಯ ಹಾಡಾಗಬೇಕಿತ್ತು. ಬರೆದದ್ದು, ಬಿಟ್ಟುಹೋಗುವುದನ್ನೇ ಬಿಡುಗಡೆ ಎಂದು ತಿಳಿದವನ ದುಃಖ.

ಹಳೆಯ ಬಾಲ್ಯವನ್ನು ಹಾಡಿ ಹೊಗಳುವಾಗ ಈ ಎಚ್ಚರ ಬೇಕು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಪದ್ಮಶ್ರೀ ಪಡೆದ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ಹಾಲಕ್ಕಿ ಸಮುದಾಯದ ಈ ಹೆಣ್ಣುಮಗಳ ಬಗ್ಗೆ ಬರೆದವರು ಕಾಡೇ ಅವರ ಪಾಠಶಾಲೆ ಎಂದು ಅಕ್ಕರೆಯಿಂದ ಬರೆದರು. ಅದು ನಿಜವೇ. ಆದರೆ ತೀರ ಎಳೆಯ ವಯಸ್ಸಿನಲ್ಲೇ ಅವರ ತಂದೆ ತೀರಿಕೊಂಡಿದ್ದು, ತಾಯಿಯೊಡನೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದದ್ದು, ಶಾಲೆಯ ಮುಖ ಕಾಣದ್ದು, ಆಡುವ ವಯಸ್ಸಿನಲ್ಲೇ ಮದುವೆಯಾದದ್ದು ಕೂಡ ಅಷ್ಟೇ ನಿಜ. ಆ ಕಾಲದಲ್ಲಿ ದೀಪ ಹಚ್ಚುವವರೆಗೆ ಅಲೆಯುವ ಸ್ವಾತಂತ್ರ್ಯ ಬಹುಮಟ್ಟಿಗೆ ಗಂಡುಹುಡುಗರದ್ದು, ಹೊತ್ತಿನ ಕೂಳಿಗೆ ಚಿಂತೆಯಿಲ್ಲದ ಮನೆಯವರದ್ದು. ನೀರು ಹೊರುವ, ತಮ್ಮನನ್ನು ಸೊಂಟದಲ್ಲಿ ಎತ್ತಿಕೊಳ್ಳುವ ಅಕ್ಕ ಆ ನೆನಪಿನ ಅಂಚಿನಲ್ಲೆಲ್ಲೋ ನಿಂತಿರುತ್ತಾಳೆ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಮೊದಲ ವರ್ಷ ದಾಟುತ್ತಿರಲಿಲ್ಲ. 2020ರಲ್ಲಿ ಆ ಸಂಖ್ಯೆ 28. ಸಿಡುಬು ಈ ದೇಶದಿಂದ ತೊಲಗಿದ್ದೇ 1975ರಲ್ಲಿ. ನಮಗೇನೂ ಆಗಲಿಲ್ಲ ಎಂದು ಹೇಳಲು ಉಳಿದಿರುವವರು, ಏನೂ ಆಗದೆ ಉಳಿದವರು ಮಾತ್ರ.

ಹಾಗೆಂದು ಆ ಹಂಬಲ ಸುಳ್ಳಲ್ಲ. ಕಳೆದುಹೋದದ್ದು ಖಂಡಿತ ಇದೆ, ಅದು ಯಾವುದೆಂದು ಹೆಸರಿಡುವಲ್ಲಿ ಜನ ಎಡವುತ್ತಾರೆ.

ರಂಪಣಿ ಬಲೆ ಎಳೆಯುವ ದಿನವನ್ನು ಕಣ್ಮುಂದೆ ತಂದುಕೊಳ್ಳಬೇಕು. ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟ ದೊಡ್ಡ ಬಲೆಯ ಎರಡು ತುದಿಯ ಹಗ್ಗ ದಡದಲ್ಲಿ. ಎರಡೂ ಕಡೆ ಸಾಲುಗಟ್ಟಿದ ಜನ, ಹಿಮ್ಮಡಿ ಮರಳಲ್ಲಿ ಹೂತು, ಒಂದೇ ಲಯಕ್ಕೆ ಹಿಂದೆ ಹಿಂದೆ ಸರಿಯುತ್ತಾರೆ. ಹಗ್ಗದ ಬಾಲಕ್ಕೆ ಮಕ್ಕಳೂ ಜೋತುಬೀಳುತ್ತಾರೆ. ಬಲೆ ಹತ್ತಿರವಾದಂತೆ ನೀರು ಕುದಿದ ಹಾಗೆ ಕಾಣುತ್ತದೆ. ಬಂಗಡೆ, ತಾರ್ಲಿ ಚಿಮ್ಮುತ್ತವೆ. ಆ ಹೊತ್ತಿನಲ್ಲಿ ತಾಯಿ ಮನೆಯಲ್ಲಿದ್ದರೂ ಮಗುವಿನ ಮೇಲೆ ಕಣ್ಣಿಟ್ಟವರು ಹತ್ತಾರು ಮಂದಿ. ಅಲೆಗೆ ತೀರ ಹತ್ತಿರ ಹೋದವನನ್ನು ಯಾರಾದರೂ ಬೈದು ಈಚೆ ಎಳೆಯುತ್ತಿದ್ದರು. ಬೈಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಸೊರಗಿತು, ದಡದ ಆ ಗುಂಪೂ ಚದುರಿತು.

ದಡವೇ ಕೈತಪ್ಪಿದ್ದು ಆಮೇಲೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಕಡಲಂಚಿನ ಮನೆ, ಗದ್ದೆ ಬಿಟ್ಟು ಎದ್ದವು. ಊರಿನ ನಡುವೆ ಹಾದಿದ್ದ ಹೆದ್ದಾರಿ ಚತುಷ್ಪಥವಾಯಿತು. ಅದಕ್ಕಾಗಿ ಗುಡ್ಡ ಕಡಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ, ರಸ್ತೆ ಬದಿಯ ಚಹಾ ಅಂಗಡಿಯ ಮಕ್ಕಳೂ ಅದರೊಂದಿಗೆ ಹೋದರು. ಅಪ್ಪ ಅಮ್ಮನ ಕಣ್ಣೆದುರಿಗೇ ಇದ್ದ ಮಕ್ಕಳು ಅವರು. ಹೀಗಿರುವಾಗ ಈಗಿನ ತಾಯಿಯನ್ನು ಪುಕ್ಕಲಿ ಎನ್ನುವುದು ಅನ್ಯಾಯ. ದೊಡ್ಡವರು ಒಟ್ಟಾಗಿ ಮಕ್ಕಳ ದಡ, ದಾರಿ, ಗುಡ್ಡಗಳನ್ನು ಬೇರೆ ಬೇರೆ ಕೆಲಸಕ್ಕೆ ಕೊಟ್ಟರು. ಆಮೇಲೆ ಮಕ್ಕಳು ಮೊಬೈಲು ಬಿಟ್ಟು ಏಳುವುದಿಲ್ಲವೆಂದು ಬೈಯುತ್ತಿದ್ದಾರೆ.

ಮಗುವನ್ನು ಕಾಯುವ ಪ್ರಶ್ನೆ ತೀರ ಕಠಿಣವಾಗಿ ಎದುರಾದದ್ದು ಕೂರ್ಮಗಡದಲ್ಲಿ. ಕಾರವಾರದೆದುರಿನ ಈ ನಡುಗಡ್ಡೆಯ ದೇವರು ನರಸಿಂಹ, ಅಂದರೆ ಒಂದು ಮಗುವನ್ನು ಕಾಯಲೆಂದೇ ಕಂಬ ಒಡೆದು ಬಂದ ದೇವರು. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಜನ ದೋಣಿಯಲ್ಲೇ ಹೋಗಬೇಕು. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು, ಮಕ್ಕಳೂ ಸೇರಿ. ಪ್ರಹ್ಲಾದನನ್ನು ಕಾದವನು ಇವರನ್ನೇಕೆ ಕಾಯಲಿಲ್ಲ? ಇದಕ್ಕೆ ಸಲೀಸಾದ ಉತ್ತರ ಕೊಡುವವರನ್ನು ನಂಬಬಾರದು. ಆದರೆ ಭಾಗವತದಲ್ಲಿ ಒಂದು ಮಾತು ಬರುತ್ತದೆ. ಕೊಲ್ಲಹೊರಟ ತಂದೆ ಸತ್ತ ಮೇಲೆ, ವರ ಕೇಳೆಂದರೆ ಪ್ರಹ್ಲಾದ ಕೇಳಿದ್ದು ಆ ತಂದೆಯ ಪಾಪ ತೊಳೆದುಹೋಗಲಿ ಎಂದು. ನಚಿಕೇತನಂತೆ ಇವನೂ ತನ್ನನ್ನು ಕೈಬಿಟ್ಟ ದೊಡ್ಡವರ ಕಡೆಗೇ ಕೈಚಾಚಿದ. ಮಕ್ಕಳ ಈ ನಂಬಿಕೆಗೆ ತಕ್ಕಂತೆ ನಡೆಯುವ ಹೊಣೆಯನ್ನು ದೇವರ ಮೇಲೆ ಹೊರಿಸಿ ಕೂರುವಂತಿಲ್ಲ.

ದುರಂತದ ನಂತರ ಜಾತ್ರೆ ನಿಂತುಹೋಗಲಿಲ್ಲ. ಈಗ ದೋಣಿ ಹತ್ತುವವರಿಗೆ ಲೈಫ್ ಜಾಕೆಟ್ ತೊಡಿಸುತ್ತಾರೆ, ಮಕ್ಕಳೂ ಅದನ್ನು ತೊಟ್ಟು ಕಡಲು ದಾಟಿ ನರಸಿಂಹನಿಗೆ ಕೈಮುಗಿದು ಬರುತ್ತಾರೆ. ಕಡಲೂರಿನ ಶಾಲೆಗಳಲ್ಲಿ ಈಜು ಕಲಿಸುವುದು, ಹೆದ್ದಾರಿಯ ಕೆಳಗೆ ಮಕ್ಕಳು ದಾಟಲು ದಾರಿ ಬಿಡುವುದು, ಉಳಿದಿರುವ ದಡಕ್ಕೆ ಹೋಗುವ ಕಾಲುಹಾದಿಗಳನ್ನು ಮುಚ್ಚದಂತೆ ಪಂಚಾಯಿತಿಯಲ್ಲಿ ಜಗಳ ತೆಗೆಯುವುದು ಇದಕ್ಕಿಂತ ದೊಡ್ಡ ಕೆಲಸವೇನಲ್ಲ. ಬಳಚು ಹೆಕ್ಕಿದ ನೆನಪುಳ್ಳವರೇ ಮೊದಲು ಆ ಸಭೆಗೆ ಹೋಗಬೇಕು.