ದೊಡ್ಡ ಪಾಲು ಯಾರ ಹಕ್ಕು?

ಮಗನೋ ಮಗಳೋ ಕಾನೂನು ಪದವಿ ಮುಗಿಸಿ ಕಪ್ಪು ಕೋಟು ತೊಟ್ಟರೆ ನೆಂಟರಿಷ್ಟರು ಮೊದಲು ಕೇಳುವುದು "ಸಂಪಾದನೆ ಎಷ್ಟು?" ಎಂದು. ಈ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ದುಡಿದು ಕುಟುಂಬವನ್ನು ಸಾಕುವುದನ್ನು ಇಸ್ಲಾಮ್ ಪುಣ್ಯಕರ್ಮವೆಂದೇ ಎಣಿಸುತ್ತದೆ. ಆದರೆ ಓದುಗ ಬಂಧುಗಳೇ, ಆ ಸಂಪಾದನೆಯಲ್ಲಿ ಇನ್ನಾರದಾದರೂ ಪಾಲು ಬೆರೆತಿದೆಯೇ ಎಂದು ನಾವು ಕೇಳುವುದುಂಟೇ?

ಲಂಡನ್, ನ್ಯೂಯಾರ್ಕ್‌ಗಳ ದೊಡ್ಡ ವಕೀಲ ಸಂಸ್ಥೆಗಳ ಪಾಲುದಾರರು ವರ್ಷಕ್ಕೆ ಹತ್ತಾರು ಲಕ್ಷ ಡಾಲರ್ ಗಳಿಸುವುದುಂಟು. ಅದು ಸಂಬಳವಲ್ಲ, ಖರ್ಚು ಕಳೆದು ಉಳಿದ ಲಾಭದ ಹಂಚಿಕೆ. ಕೆಲವೆಡೆ ಸೇವೆಯ ವರ್ಷಗಳನ್ನು ನೋಡಿ ಹಂಚುತ್ತಾರೆ, ಕೆಲವೆಡೆ ಯಾರು ಎಷ್ಟು ಕಕ್ಷಿದಾರರನ್ನು ತಂದರೆಂದು ನೋಡಿ. ಹಿರಿತನದ ಲೆಕ್ಕಕ್ಕೆ ಹೆಸರಾಗಿದ್ದ ನ್ಯೂಯಾರ್ಕಿನ ಕ್ರವಾತ್ ಸಂಸ್ಥೆಯೂ 2021ರಲ್ಲಿ ಅದನ್ನು ಸಡಿಲಿಸಿತು. ನಮ್ಮ ದೇಶದ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಪಾಲುದಾರರೆಲ್ಲರಿಗೂ ಲಾಭ ಸಮಪಾಲು.

ನಮ್ಮ ಚಂದ್ರವಳ್ಳಿಯ ಸೀಮೆಯಲ್ಲಿ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನ್ಯಾಯಾಲಯಗಳ ಸುತ್ತ ನಾವು ಹೆಚ್ಚಾಗಿ ಕಾಣುವುದು ಒಬ್ಬ ಹಿರಿಯ ವಕೀಲರ ಕಚೇರಿ, ಅವರ ಕೈಕೆಳಗೆ ಇಬ್ಬರೋ ಮೂವರೋ ಜೂನಿಯರ್‌ಗಳು, ಒಬ್ಬ ಗುಮಾಸ್ತ. ಕರಾರುಪತ್ರದ ಮಾತೇ ಇರುವುದಿಲ್ಲ. ಕಕ್ಷಿದಾರ ಬೋರ್ಡಿನ ಮೇಲಿನ ಹೆಸರು ನೋಡಿ ಬರುತ್ತಾನೆ. ಅರ್ಜಿ ಬರೆಯುವವನು ಜೂನಿಯರ್, ವಾಯಿದೆಗೆ ನಿಲ್ಲುವವನೂ ಎಷ್ಟೋ ಸಲ ಅವನೇ. ಫೀಸು ಮಾತ್ರ ಹೆಸರಿನವರ ಮೇಜಿಗೆ ಹೋಗುತ್ತದೆ. ಇದು ಧರ್ಮಸಮ್ಮತವೇ?

ಹನಫೀ ಕರ್ಮಶಾಸ್ತ್ರ ಈ ಬಗೆಯ ಪ್ರಶ್ನೆಯನ್ನು ಎಂದೋ ಚರ್ಚಿಸಿದೆ. ಇಬ್ಬರು ದರ್ಜಿಗಳು ಕೂಡಿ ಕೆಲಸ ಒಪ್ಪಿಕೊಂಡು ಗಳಿಕೆ ಹಂಚಿಕೊಳ್ಳಬಹುದು, ಪಾಲು ಸಮವಾಗಿರಲೇಬೇಕೆಂದಿಲ್ಲ. (ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್ ಇಂಥ ದುಡಿಮೆಯ ಪಾಲುಗಾರಿಕೆಯನ್ನು ಒಪ್ಪುವುದಿಲ್ಲ. ಯಾರು ಎಷ್ಟು ದುಡಿದರೆಂಬುದು ಅನಿಶ್ಚಿತ ಎಂಬ ಅವರ ಆಕ್ಷೇಪದಲ್ಲಿ ಹುರುಳಿದೆ.) ಲಾಭಕ್ಕೆ ಹಕ್ಕು ಮೂರರಿಂದ ಹುಟ್ಟುತ್ತದೆ ಎಂದು ಹನಫೀ ವಿದ್ವಾಂಸರು ಹೇಳುತ್ತಾರೆ: ಹಾಕಿದ ಹಣ, ಮಾಡಿದ ಕೆಲಸ, ಹೊತ್ತ ಹೊಣೆ. ಬಂಡವಾಳವಿಲ್ಲದೆ ಕೇವಲ ಹೆಸರಿನ ಮೇಲೆ ಸಾಲ ತಂದು ನಡೆಸುವ ಪಾಲುಗಾರಿಕೆಯಲ್ಲೂ ಅವರು ಲಾಭವನ್ನು ಹೊಣೆಗೆ ತಕ್ಕಂತೆಯೇ ಅಳೆಯುತ್ತಾರೆ. ಬರಿಯ ಹೆಸರಿಗೆ ಪಾಲಿಲ್ಲ.

ಇದನ್ನು ನಮ್ಮ ಕಚೇರಿಗಳಿಗೆ ಹಚ್ಚಿ ನೋಡಿ. ವಾಯಿದೆ ತಪ್ಪಿ ದಾವೆ ವಜಾ ಆದಾಗ ಕಕ್ಷಿದಾರನ ಮುಂದೆ ನಿಂತು ಉತ್ತರ ಹೇಳುವವರು ಯಾರು? ಹಿರಿಯರೇ ಆ ಹೊಣೆ ಹೊರುವುದಾದರೆ ದೊಡ್ಡ ಪಾಲು ಅವರ ಹಕ್ಕು. ಅದಕ್ಕೆ ಅಸೂಯೆಪಡುವುದು ಸಲ್ಲದು. "ಜೂನಿಯರ್ ಎಡವಟ್ಟು ಮಾಡಿದ" ಎಂದು ಕೈತೊಳೆದುಕೊಳ್ಳುವವರು ಹೊಣೆಯನ್ನು ಕಿರಿಯನಿಗೆ ದಾಟಿಸಿ ಅದರ ಫಲವನ್ನಷ್ಟೇ ಇಟ್ಟುಕೊಂಡಂತಾಯಿತು.

"ಕೆಲಸ ಕಲಿಸುತ್ತಿದ್ದೇನಲ್ಲ, ಅದೇ ಸಂಬಳ" ಎನ್ನುವವರಿದ್ದಾರೆ. ಮೊದಲ ಕೆಲವು ತಿಂಗಳ ಮಟ್ಟಿಗೆ ಆ ಮಾತು ನಿಜ. ಐದನೆಯ ವರ್ಷದಲ್ಲೂ ಬಸ್ ಚಾರ್ಜಿಗೆ ತಂದೆಯ ಮುಂದೆ ಕೈಯೊಡ್ಡುವ ಹುಡುಗನಿಗೆ ಅದನ್ನೇ ಹೇಳಲಾದೀತೇ? ಕಿರಿಯ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಿರೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಮಾತ್ರ, ಕಡ್ಡಾಯವಲ್ಲ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಆದೇಶ ನಮಗೆ ಶಿಫಾರಸಲ್ಲ.

ಇನ್ನು ಕಕ್ಷಿದಾರನ ಪಾಲು. ಬೆಂಗಳೂರು–ಪುಣೆ ಹೆದ್ದಾರಿ ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಪರಿಹಾರಕ್ಕಾಗಿ ವಕೀಲರ ಬಳಿ ಬಂದಾಗ "ಈಗ ಏನೂ ಬೇಡಮ್ಮ, ಹಣ ಬಂದಾಗ ಇಷ್ಟು ಪರ್ಸೆಂಟ್ ಕೊಟ್ಟರಾಯಿತು" ಎಂದರೆ ಅದು ಉಪಕಾರದಂತೆಯೇ ಕೇಳಿಸುತ್ತದೆ. ಅಮೆರಿಕದಲ್ಲಿ ಇದು ರೂಢಿ. ನಮ್ಮಲ್ಲಿ ವಕೀಲರ ಪರಿಷತ್ತಿನ ನಿಯಮ ಇದನ್ನು ನಿಷೇಧಿಸಿದೆ. ಅಪಘಾತದ ಪರಿಹಾರದಲ್ಲಿ ಶೇಕಡಾವಾರು ಫೀಸು ಕೇಳಿದ ತೆಲಂಗಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಅದು ವೃತ್ತಿಧರ್ಮಕ್ಕೆ ವಿರುದ್ಧವೆಂದೇ ಹೇಳಿತು. ಕೂಲಿ ಮೊದಲೇ ನಿಶ್ಚಿತವಾಗಿರಬೇಕೆಂಬುದು ಕರ್ಮಶಾಸ್ತ್ರದ ನಿಯಮ ಕೂಡ. ಬಡವರು ಮುಂಗಡ ಎಲ್ಲಿಂದ ತಂದಾರು ಎಂದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಯಾವ ಮಹಿಳೆಗೂ ಆದಾಯವೆಷ್ಟೆಂದು ನೋಡದೆ ಉಚಿತ ವಕೀಲರು ದೊರೆಯುತ್ತಾರೆ. ನಿಮ್ಮ ನೆರೆಯ ವಿಧವೆಗೆ ಇದು ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಇವತ್ತೇ ತಿಳಿಸಿ.

ಸೂರಾ ಸ್ವಾದ್‌ನಲ್ಲಿ ಇಬ್ಬರು ಸಹೋದರರ ವ್ಯಾಜ್ಯ ಪ್ರವಾದಿ ದಾವೂದರ(ಅ) ಮುಂದೆ ಬರುತ್ತದೆ. ಒಬ್ಬನಿಗೆ 99 ಕುರಿ, ಇನ್ನೊಬ್ಬನಿಗೆ ಒಂದೇ. 99 ಇದ್ದವನು ಆ ಒಂದನ್ನೂ ಕೇಳಿದ, ಮಾತಿನಲ್ಲಿ ತನ್ನನ್ನು ಸೋಲಿಸಿದ ಎಂದು ಬಡವ ದೂರುತ್ತಾನೆ. ಪಾಲುಗಾರರಲ್ಲಿ ಅನೇಕರು ಪರಸ್ಪರ ಅನ್ಯಾಯವೆಸಗುತ್ತಾರೆ, ಸತ್ಯವಿಶ್ವಾಸವಿಟ್ಟು ಸತ್ಕರ್ಮ ಮಾಡುವವರ ಹೊರತು, ಅಂಥವರು ತೀರಾ ಕಡಿಮೆ ಎಂಬ ಆಶಯದ ಮಾತನ್ನು ದಾವೂದರು(ಅ) ಅಲ್ಲಿ ಆಡುತ್ತಾರೆ.

ಆ ಕೆಲವರಲ್ಲಿ ಇಮಾಮ್ ಅಬೂ ಹನೀಫಾ(ರ) ಒಬ್ಬರು. ಅವರು ಬಟ್ಟೆಯ ವ್ಯಾಪಾರಿ, ಹಫ್ಸ್ ಬಿನ್ ಅಬ್ದುರ್ರಹ್ಮಾನ್ ಅವರ ಪಾಲುಗಾರ. ಒಮ್ಮೆ ಸರಕಿನಲ್ಲಿದ್ದ ದೋಷವನ್ನು ತೋರಿಸಿ, ಕೊಳ್ಳುವವರಿಗೆ ತಿಳಿಸಿಯೇ ಮಾರಬೇಕೆಂದು ಇಮಾಮರು ಹೇಳಿ ಕಳುಹಿಸಿದರು. ಹಫ್ಸ್ ಮರೆತು ಮಾರಿಬಿಟ್ಟರು. ಕೊಂಡವರು ಯಾರೆಂದೂ ತಿಳಿಯಲಿಲ್ಲ. ತಪ್ಪು ಪಾಲುಗಾರನದೆಂದು ಇಮಾಮರು ಹೇಳಲಿಲ್ಲ, ಆ ಸರಕಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ.